ಮೇಣದ ಕೈಗಳು

“ಹೃದಯ ಯಾವನಿಗೆ ಬೇಕು, ಕತ್ತೆಗಳಾ? ಕೈ ಮಾಡಿ ಅಂದ್ರೆ ಕೈ ಮಾಡ್ಬೇಕು! ಹೃದಯ ಅಂಗಡೀಲಿ ಬಿದ್ದು ಧೂಳು ತಿಂತಾ ಇದೆ!”

ಚರ್ಚಿನ ಅಂಗಡಿಯ ಮ್ಯಾನೇಜರ್ ನಮ್ಮ ತಗಡಿನ ಷೆಡ್ಡಿನ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಅವನು ಒಳಗೆ ಕಾಲಿಡುತ್ತಿರಲಿಲ್ಲ. ಇಟ್ಟರೆ ಬೂಟಿಗೆ ಮೇಣ ಅಂಟುತ್ತದೆ. ಬೆಳಿಗ್ಗೆ ನಾನು ಎರಕ ಹೊಯ್ದಿದ್ದ ಮೇಣದ ಹೃದಯವೊಂದು ಅವನ ಕೈಯಲ್ಲಿತ್ತು. ಅದನ್ನು ನನ್ನ ಕಡೆ ಎಸೆದ. ಹಿಡಿಯಲು ಹೋದೆ, ತಪ್ಪಿತು. ಹೃದಯ ನೆಲಕ್ಕೆ ಬಿದ್ದು ಎರಡು ಹೋಳಾಯಿತು.

“ಬಿಡೇ, ಅದು ಒಡೆಯೋಕೇ ಹುಟ್ಟಿದ್ದು,” ಎಂದಳು ಚಿಮಣಿ. ಚಿಮಣಿ ನಮ್ಮ ಷೆಡ್ಡಿನ ಹಿರಿಯಳು. ಬಾಯಲ್ಲಿ ಸದಾ ಒಂದು ಸಿಗರೇಟಿನ ತುಂಡು ಹೊಗೆಯಾಡುತ್ತಿದ್ದುದರಿಂದ ಆ ಹೆಸರು. ನಿಜವಾದ ಹೆಸರು ಅವಳಿಗೇ ಮರೆತುಹೋಗಿತ್ತೋ ಏನೋ. ಹೋಳುಗಳನ್ನು ಹೆಕ್ಕಿ ಕೊಪ್ಪರಿಗೆಗೆ ಹಾಕಿದಳು. ಅವು ಬಿಸಿ ಮೇಣದಲ್ಲಿ ಒಂದು ಸುತ್ತು ತಿರುಗಿ ಕರಗಿದವು.

“ಇವತ್ತು ಸಂಜೆ ಒಳಗೆ ಎರಡು ಬುಟ್ಟಿ ಕೈ. ಬಲಗೈ ಮಾತ್ರ. ಎಡಗೈ ಮಾಡಿ ಕೊಟ್ರೆ ನಿಮ್ಮ ಎಡಗೈ ಮುರೀತೀನಿ, ದರಿದ್ರ ಮುಂಡೇವಾ. ಮತ್ತೆ, ಏಯ್, ನೀನು,” ಎಂದು ನನ್ನತ್ತ ಬೆರಳು ಮಾಡಿದ, “ನಿನ್ನ ನಾದಿನೀನ ಕರ್ಕೊಂಡು ಫಾದರ್ ಆಫೀಸಿಗೆ ಬಾ. ಕೈಕಾಲು ತೊಳ್ಕೊಂಡು ಬನ್ನಿ.”

“ಕೈ ತೊಳೆಯೋ ಹಾಗಿಲ್ಲ ಅಂತ ಡಾಕ್ಟರ್ ಹೇಳಿದಾರೆ ಸಾರ್, ಅವಳಿಗೆ,” ಎಂದೆ.

“ಹಾಗಾದ್ರೆ ಕಾಲು ತೊಳ್ಸು,” ಎಂದು ಹೋದ.

ನಮ್ಮ ಕೆಲಸ ಏನೆಂದರೆ, ಚರ್ಚಿನ ಹಿಂಗೋಡೆಗೆ ಒರಗಿದ ಆ ಷೆಡ್ಡಿನಲ್ಲಿ ಮೇಣದ ಬತ್ತಿ ಮಾಡುವುದು, ಜೊತೆಗೆ ಮೇಣದ ಅಂಗಾಂಗ. ಕಾಲು ನೋವಿನವರು ಮೇಣದ ಕಾಲು ಕೊಳ್ಳುತ್ತಾರೆ, ಕಣ್ಣು ಮಂಜಾದವರು ಮೇಣದ ಕಣ್ಣು. ಪೀಠದ ಪಕ್ಕದ ಮೇಜಿನ ಮೇಲೆ ಅದನ್ನು ಇಟ್ಟು, ಕಣ್ಣುಮುಚ್ಚಿ ಬೇಡಿಕೊಂಡು ಹೋಗುತ್ತಾರೆ. ಅವರು ಆ ಕಡೆ ತಿರುಗಿದರೆ ಸಾಕು, ಮೇಜಿನ ಹಿಂದಿನ ಗಿಡ್ಡ ಬಾಗಿಲಿನಿಂದ ನಾವು ಬುಟ್ಟಿ ಹಿಡಿದು ಬರುತ್ತೇವೆ. ಎತ್ತುತ್ತೇವೆ, ಒರೆಸುತ್ತೇವೆ, ಹೊಸ ಮಿಂಚು ಕಾಗದ ಸುತ್ತಿ ಮತ್ತೆ ಅಂಗಡಿಗೆ ಕಳಿಸುತ್ತೇವೆ. ಮುರಿದದ್ದು ಮಾತ್ರ ಕೊಪ್ಪರಿಗೆಗೆ. ಹೀಗೆ ಒಂದೇ ಕಾಲು ಒಂದೇ ಭಾನುವಾರ ನಾಲ್ಕಾರು ಜನರ ನೋವು ಹೊತ್ತು ಅಂಗಡಿಗೂ ಪೀಠಕ್ಕೂ ಓಡಾಡಿದ್ದುಂಟು. “ನಿಜವಾದ ಕಾಲೂ ಇಷ್ಟು ನಡೆಯಲ್ಲ ಕಣೇ,” ಎಂದು ಚಿಮಣಿ ನಗುತ್ತಿದ್ದಳು.

ಅಂಗಡಿಯಲ್ಲಿ ಇನ್ನೂ ಏನೇನೋ ಇತ್ತು: ಗಾಜಿನ ಲೋಟದಲ್ಲಿ ಗುಲಾಬಿ ವಾಸನೆಯ ಬತ್ತಿ, ದೇವದೂತನ ಚಿತ್ರದ ಕೊಡೆ, ಕೀ ಗೊಂಚಲಾಗಿ ತೂಗುವ ಶಿಲುಬೆ. “ಎರಡು ಕೊಂಡರೆ ಒಂದು ಉಚಿತ” ಎಂಬ ಬೋರ್ಡಿನ ಕೆಳಗೆ ಜನ ಮುಗಿಬೀಳುತ್ತಿದ್ದರು. ಕಾಣಿಕೆ ಡಬ್ಬಿಯ ಪಕ್ಕಕ್ಕೇ ಕಾರ್ಡು ಉಜ್ಜುವ ಯಂತ್ರ ಬಂದು ಕೂತಿತ್ತು. ಆದರೆ ಆ ತಿಂಗಳು ಎಲ್ಲರಿಗೂ ಬೇಕಾದದ್ದು ಕೈ. ಯಾಕೆಂದರೆ ಚರ್ಚಿನ ಮುಂಬಾಗಿಲ ಮೇಲೆ, ಎರಡಾಳು ಎತ್ತರಕ್ಕೆ, ಬ್ಯಾಂಡೇಜು ಸುತ್ತಿದ ಬಲಗೈಯೊಂದರ ಚಿತ್ರ ತೂಗುತ್ತಿತ್ತು. “ಈ ಕೈಗೆ ನಿಮ್ಮ ಕೈ ಸೇರಿಸಿ” ಎಂದು ದಪ್ಪ ಅಕ್ಷರ. “ಹೊಸ ಸಭಾಂಗಣದ ನಿಧಿಗಾಗಿ” ಎಂದು ಕೆಳಗೆ ಸಣ್ಣ ಅಕ್ಷರ. ಒಂದು ಮೇಣದ ಕೈ ಕೊಂಡು ಪೀಠದ ಬಳಿ ಇಟ್ಟರೆ, ಆ ಬಡ ಹೆಣ್ಣುಮಗಳ ಕೈಗೆ ಕೈ ಸೇರಿಸಿದ ಹಾಗೆ.

ಆ ಬಡ ಹೆಣ್ಣುಮಗಳು ನನ್ನ ನಾದಿನಿ.

ಇನ್ನೊಂದು ಮಾತು ಹೇಳಬೇಕು. ಜನ ಕೊಳ್ಳುತ್ತಿದ್ದ ಆ ಮೇಣದ ಕೈಯೂ ಅವಳದೇ. ಅವಳು ಗಂಡನ ಮನೆ ಬಿಟ್ಟು ನಮ್ಮಲ್ಲಿಗೆ ಬಂದು ಷೆಡ್ಡಿಗೆ ಸೇರಿದ ಹೊಸದರಲ್ಲಿ ಮ್ಯಾನೇಜರ್ ಅಚ್ಚು ಮಾಡಿಸಲು ಒಂದು ಕೈ ಹುಡುಕುತ್ತಿದ್ದ. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ ಕೈ ತಿರುಗಿಸಿ ತಿರುಗಿಸಿ ನೋಡಿದ. ನಮ್ಮದೆಲ್ಲ ಸುಟ್ಟ ಕಲೆ, ಸೊಟ್ಟ ಉಗುರು. ಅವಳದು ಮಾತ್ರ ಉದ್ದ ಬೆರಳಿನ ನುಣುಪು ಕೈ. ಗಾರೆಯಲ್ಲಿ ಅದ್ದಿಸಿ ಅಚ್ಚು ತೆಗೆಸಿದ. ಆಮೇಲೆ ಆ ಅಚ್ಚಿನ ಕೈಗಳನ್ನೇ ಎರಕ ಹೊಯ್ಯುವಾಗ ಕೊಪ್ಪರಿಗೆಯ ಮುಚ್ಚಳ ಜಾರಿ ಕುದಿಯುವ ಮೇಣ ಅವಳ ಬಲಗೈ ಮೇಲೆ ಸುರಿಯಿತು. ಮುಚ್ಚಳದ ಕೊಂಡಿ ಮುರಿದು ಬಹಳ ದಿನವಾಗಿತ್ತು. ನಾನೂ ಹೇಳಿದ್ದೆ, ಚಿಮಣಿಯೂ ಹೇಳಿದ್ದಳು. “ನಿಧಿ ಅಭಿಯಾನ ಮುಗೀಲಿ, ಆಮೇಲೆ ನೋಡೋಣ” ಎಂದಿದ್ದ ಮ್ಯಾನೇಜರ್. ಈಗಲೂ ಆ ಮುಚ್ಚಳವನ್ನು ತಂತಿ ಸುತ್ತಿ ಹಿಡಿದಿದ್ದೆವು.

*

ಫಾದರ್ ಕೋಣೆಯಲ್ಲಿ ಮೆತ್ತನೆಯ ಕುರ್ಚಿಗಳಿದ್ದವು. ನಾವು ಕೂರುವ ಮೊದಲು ಮ್ಯಾನೇಜರ್ ಓಡಿಬಂದು ಕುರ್ಚಿಗಳ ಮೇಲೆ ಹಳೆಯ ಪೇಪರ್ ಹಾಸಿದ. ನಾದಿನಿ ಕುಳಿತಾಗ ಪೇಪರ್ ಪರಪರ ಎಂದಿತು. ಅವಳಿಗೆ ನಗು ಬಂತು. ನಾನು ಮೊಣಕೈಯಲ್ಲಿ ತಿವಿದೆ.

ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಹೊಸ ಸಭಾಂಗಣದ ಪುಟ್ಟ ಮಾದರಿ ಇತ್ತು. ಬೆಂಕಿಪೊಟ್ಟಣದಷ್ಟು ಕಾರುಗಳು, ಕಡ್ಡಿಯಷ್ಟು ಮರಗಳು, ಕಾಫಿ ಕುಡಿಯುತ್ತಿರುವ ಅಕ್ಕಿಕಾಳಿನಷ್ಟು ಜನ.

“ಇದರಲ್ಲಿ ನಮ್ಮ ಷೆಡ್ಡು ಎಲ್ಲಿದೆ ಫಾದರ್?” ನಾದಿನಿ ಬಗ್ಗಿ ನೋಡಿದಳು.

“ಅಲ್ಲಿ ಕಾರು ನಿಲ್ಲಿಸೋ ಜಾಗ ಬರುತ್ತೆ ಮಗಳೇ.” ಫಾದರ್ ದನಿ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಬೆಚ್ಚಗೆ, ಸುಕ್ಕಿಲ್ಲದೆ ಇರುತ್ತಿತ್ತು. “ಕೈ ಹೇಗಿದೆ ಈಗ?”

“ಬೆರಳು ಒಂದಕ್ಕೊಂದು ಅಂಟ್ಕೊಂಡಿದೆ ಫಾದರ್. ಧರ್ಮಾಸ್ಪತ್ರೆ ಡಾಕ್ಟರು ಬೇಗ ಬಿಡಿಸ್ಬೇಕು ಅಂದ್ರು. ಗಟ್ಟಿ ಆಗ್ಬಿಟ್ರೆ ಆಮೇಲೆ ಮುಗೀತಂತೆ, ಸೌಟಿನ ಥರ ಇರುತ್ತಂತೆ ಜೀವನ ಪೂರ್ತಿ. ಅಲ್ಲಿ ಆ ಆಪರೇಷನ್ ಮಾಡಲ್ವಂತೆ.”

“ಅದಕ್ಕೇ ಕರೆದದ್ದು. ದೊಡ್ಡ ಆಸ್ಪತ್ರೆಯ ಡಾಕ್ಟರು ನಮ್ಮ ಸಭಾಂಗಣ ಸಮಿತಿಯಲ್ಲೇ ಇದ್ದಾರೆ. ಸೋಮವಾರವೇ ಆಪರೇಷನ್ ಮಾಡ್ತೀನಿ ಅಂದಿದ್ದಾರೆ. ಒಂದು ಕಾಸೂ ನೀವು ಕೊಡಬೇಕಾಗಿಲ್ಲ.”

ನನಗೆ ಎದ್ದು ಅವರ ಕಾಲು ಹಿಡಿಯೋಣ ಅನ್ನಿಸಿತು. ನಾದಿನಿ ಮಾತ್ರ ಅವರ ಮುಖವನ್ನೇ ನೋಡುತ್ತಿದ್ದಳು. ದೊಡ್ಡವರು ಕೊಡುವ ಮೊದಲು ಏನೋ ಕೇಳುತ್ತಾರೆ ಎಂದು ಗಂಡನ ಮನೆಯಲ್ಲಿ ಕಲಿತು ಬಂದವಳು.

“ಭಾನುವಾರ ನೀನು ಸಾಕ್ಷಿ ಹೇಳ್ಬೇಕು,” ಎಂದರು ಫಾದರ್.

ಅವಳ ಮುಖ ಬಿಳುಚಿತು. “ಸಾಕ್ಷೀನಾ? ಕೇಸ್ ಆಗಿದೆಯಾ? ನಾನು ಯಾರ ಮೇಲೂ ದೂರು ಕೊಟ್ಟಿಲ್ಲ ಫಾದರ್, ಪೊಲೀಸ್ರ ಮುಖಾನೂ ನೋಡಿಲ್ಲ!”

ಮ್ಯಾನೇಜರ್ ಹೊಟ್ಟೆ ಹಿಡಿದು ನಕ್ಕ. “ದಡ್ಡ ಶಿಖಾಮಣಿ! ಕೋರ್ಟ್ ಸಾಕ್ಷಿ ಅಲ್ವೇ. ಚರ್ಚ್ ಸಾಕ್ಷಿ. ದೇವರ ಮುಂದೆ, ಜನರ ಮುಂದೆ ನಿಂತು ಹೇಳೋದು.”

“ಓ.” ಅವಳು ಉಸಿರು ಬಿಟ್ಟಳು. ಸ್ವಲ್ಪ ಯೋಚಿಸಿ, “ದೇವರ ಮುಂದೆ ಅಂದ್ರೆ ಕೋರ್ಟಿಗಿಂತ ಜಾಸ್ತಿ ನಿಜ ಹೇಳ್ಬೇಕಲ್ವಾ?” ಎಂದಳು.

ಫಾದರ್ ಕನ್ನಡಕ ತೆಗೆದು ಒರೆಸಿದರು. “ಮನೇಲಿ ಒಲೆ ಹತ್ತಿರ ಅಪಘಾತ ಆಯ್ತು. ನೋವಿನಲ್ಲಿ ಇಲ್ಲಿಗೆ ಬಂದೆ, ಮೇಣದ ಕೈ ಇಟ್ಟು ಬೇಡಿಕೊಂಡೆ. ದೇವರು ದಾನಿಗಳನ್ನು ಕಳಿಸಿದ. ಅಷ್ಟೇ ಮಗಳೇ. ನಾಲ್ಕು ಮಾತು.”

“ಮನೇಲಿ ಅಲ್ವಲ್ಲ ಫಾದರ್ ಸುಟ್ಟಿದ್ದು. ನಮ್ಮ ಮನೆ ಒಲೆ ಮೇಲೆ ಚಹಾ ಬಿಟ್ಟು ಬೇರೇನು ಕುದಿಯುತ್ತೆ?”

“ಎಲ್ಲಿ ಸುಟ್ಟಿತು ಅನ್ನೋದು ಮುಖ್ಯ ಅಲ್ಲ. ಯಾರು ಎತ್ತಿದರು ಅನ್ನೋದು ಮುಖ್ಯ. ಷೆಡ್ಡು ಅಂದ್ರೆ ಜನ ಹತ್ತು ಪ್ರಶ್ನೆ ಕೇಳ್ತಾರೆ. ಇಷ್ಟು ಒಳ್ಳೆ ಕೆಲಸ ನಿಂತುಹೋಗುತ್ತೆ. ಬಲಗೈ ಮಾಡಿದ್ದು ಎಡಗೈಗೆ ತಿಳೀಬಾರದು ಅಂತ ಬೈಬಲ್ಲಿನಲ್ಲಿ ವಾಕ್ಯವೇ ಇದೆ.”

“ಬಲಗೈ ಸುಟ್ಟಿದ್ದು ಎಡಗೈಗೆ ತಿಳೀದೇ ಇರುತ್ತಾ ಫಾದರ್? ಈಗ ಎಲ್ಲ ಕೆಲಸಾನೂ ಅದೇ ಮಾಡ್ತಾ ಇದೆ.”

“ಏಯ್! ಯಾರ ಮುಂದೆ ಮಾತಾಡ್ತಾ ಇದೀಯ ಗೊತ್ತಾ?” ಮ್ಯಾನೇಜರ್ ಎದ್ದ. ಫಾದರ್ ಕೈಸನ್ನೆಯಲ್ಲೇ ಅವನನ್ನು ಕೂರಿಸಿದರು.

“ಕೋಪ ಬೇಡ. ಮಗಳೇ, ಇಷ್ಟು ಜನರಲ್ಲಿ ದೇವರು ನಿನ್ನನ್ನೇ ಆರಿಸಿದ್ದಾನೆ. ಅದನ್ನ ಮರೀಬೇಡ.”

ಹೊರಗೆ ಬಂದು ಅಂಗಳ ದಾಟಿದೆವು. ನಾದಿನಿ ಎಂದಳು: “ಅತ್ತಿಗೆ, ದೇವರು ನನ್ನ ಆರಿಸಿದಾನಂತೆ. ನಾವು ದಿನಾ ಬತ್ತಿ ಆರಿಸ್ತೀವಲ್ಲ, ಹಂಗಾ?”

“ಬಾಯಿ ಮುಚ್ಚೇ, ಯಾರಾದ್ರೂ ಕೇಳಿಸ್ಕೊಂಡ್ರೆ!” ಎಂದು ಗದರಿದೆ. ಆದರೆ ನನಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಗೋಡೆಗೆ ಒರಗಿ, ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕೆವು. ನಗುತ್ತಾ ಅವಳು ಮರೆತು ಬಲಗೈಯಿಂದ ಕಣ್ಣು ಒರೆಸಲು ಹೋದಳು. ಬ್ಯಾಂಡೇಜು ಮುಖಕ್ಕೆ ತಾಗಿ ನಗು ನಿಂತಿತು.

*

ಶನಿವಾರ ಮಧ್ಯಾಹ್ನ ಖಾಲಿ ಚರ್ಚಿನಲ್ಲಿ ಮ್ಯಾನೇಜರ್ ಅವಳಿಗೆ ಸಾಕ್ಷಿ ಕಲಿಸಿದ. ಅವಳನ್ನು ಪೀಠದ ಮೆಟ್ಟಿಲ ಮೇಲೆ ನಿಲ್ಲಿಸಿ, ತಾನು ಬೆಂಚುಗಳ ನಡುವೆ ಹಿಂದೆ ಹಿಂದೆ ಹೋದ. ಪ್ರತಿ ಬೆಂಚಿಗೂ ಅದನ್ನು ಕೊಡಿಸಿದವರ ಹೆಸರಿನ ಹಿತ್ತಾಳೆ ಫಲಕವಿತ್ತು; ಮುಂದಿನ ಬೆಂಚುಗಳ ಹೆಸರು ದೊಡ್ಡ ಅಕ್ಷರದಲ್ಲಿ, ಹಿಂದೆ ಹೋದಂತೆ ಸಣ್ಣಕ್ಕೆ. ಕೊನೆಯ ಬೆಂಚಿಗೆ ಹೆಸರೇ ಇರಲಿಲ್ಲ. ಅವನು ಅಲ್ಲಿ ಹೋಗಿ ಕುಳಿತ.

“ಹೇಳು! ಇಲ್ಲಿಗೆ ಕೇಳಿಸ್ಬೇಕು!”

“ನಾನು ಮನೇಲಿ ಒಲೆ ಹತ್ರ…”

“ಅಲ್ಲಿ ನಿಲ್ಲು. ಗಂಟಲು ಕಟ್ಬೇಕು. ಆಮೇಲೆ ಅಳು.”

ಅವಳು ಪ್ರಯತ್ನಿಸಿದಳು. ಕಣ್ಣು ಕಿರಿದು ಮಾಡಿದಳು, ಮೂಗು ಎಳೆದಳು. ಏನೂ ಬರಲಿಲ್ಲ.

“ಸುಟ್ಕೊಂಡಾಗ ಅತ್ತಿಲ್ವಾ ನೀನು? ಹಾಗೇ ಅಳು!”

“ಸುಟ್ಟಾಗ ಅಳಲಿಲ್ಲ ಸಾರ್, ಕಿರುಚಿದ್ದೆ. ಕಿರುಚ್ಲಾ?”

ಕಂಬದ ಹತ್ತಿರ ನೆಲ ಒರೆಸುತ್ತಿದ್ದ ಚಿಮಣಿ ಕೆಮ್ಮಿದಳು. ಅದು ಕೆಮ್ಮಲ್ಲ, ನಗು. ಮ್ಯಾನೇಜರ್ ದಾಪುಗಾಲು ಹಾಕಿ ಬಂದ. “ಮತ್ತೆ ಇದೇನು ಇದು, ಮದುವೆಗೆ ಬಂದಿದೀಯಾ?” ಎಂದು ಅವಳ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿದ. ನಾನು ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿದ ಹಸಿರು ಬಟ್ಟೆ. ಅವಳ ಬಳಿ ಇದ್ದ ಒಂದೇ ಒಳ್ಳೆಯ ಜೊತೆ. “ನಾಳೆ ಇದು ಬೇಡ. ಷೆಡ್ಡಿಗೆ ಹಾಕ್ಕೊಂಡು ಬರ್ತೀಯಲ್ಲ, ಆ ಕಂದು ಚಿಂದಿ, ಅದು ಹಾಕ್ಕೊಂಡು ಬಾ. ಬಡವಿ ಬಡವಿ ಥರ ಕಾಣ್ಬೇಕು.”

“ದೇವರ ಮುಂದೆ ಒಳ್ಳೆ ಬಟ್ಟೆ ಹಾಕ್ಬೇಕಲ್ವಾ ಸಾರ್?” ಎಂದೆ ನಾನು.

“ನಿನ್ನ ಯಾರು ಕೇಳಿದ್ರು? ಎಲ್ಲಿ, ಕೈ ಎತ್ತು ನೋಡೋಣ. ಇನ್ನೂ ಮೇಲೆ. ಅದೇನು, ಬಸ್ಸು ನಿಲ್ಲಿಸ್ತಾ ಇದೀಯಾ? ಹೀಗೆ!”

ಮಣಿಕಟ್ಟು ಹಿಡಿದು ಮೇಲೆ ಎಳೆದ. ಅವಳು ಚೀರಿ ಹಲ್ಲು ಕಚ್ಚಿದಳು. ಆ ಚೀರುದನಿ ಗುಮ್ಮಟಕ್ಕೆ ಹೋಗಿ ತಿರುಗಿ ಬಂತು.

“ಹಾಂ! ಇದೇ! ಈ ಮುಖ! ಇದೇ ಮುಖ ನಾಳೆವರೆಗೂ ಇಟ್ಕೋ!”

“ನಿನ್ನ ಬಾಯಿಗೆ ಮಣ್ಣು ಹಾಕ, ಬೋಳಿಮಗನೇ,” ಎಂದಳು ಚಿಮಣಿ, ನೆಲ ಒರೆಸುವ ಬಟ್ಟೆಗೆ ಹೇಳುವ ಹಾಗೆ.

ಮ್ಯಾನೇಜರ್‌ಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಭಾನುವಾರ ಮುಗಿಯಲಿ ಎಂದುಕೊಂಡನೋ.

*

ಸಂಜೆ ಮನೆಯಲ್ಲಿ ನಾದಿನಿ ಚಾಪೆಯ ಮೇಲೆ ಕುಳಿತು ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆ ಒಂದು ಕಡೆ ಹೋದರೆ ಕೂದಲು ಇನ್ನೊಂದು ಕಡೆ. ನಾನು ಕಸಿದುಕೊಂಡು ಬಾಚತೊಡಗಿದೆ.

ನಮ್ಮದು ಒಂದೇ ಕೋಣೆ. ಮೂಲೆಯಲ್ಲಿ ಒಲೆ, ನಡುವೆ ಹಗ್ಗದ ಮೇಲೆ ಬಟ್ಟೆಯ ಪರದೆ. ಪರದೆಯ ಈ ಕಡೆ ನಾವಿಬ್ಬರು ಹೆಂಗಸರು, ಆ ಕಡೆ ನನ್ನ ಗಂಡ ಮೂಟೆ ಹೊತ್ತು ಬಂದ ಬೆನ್ನನ್ನು ಗೋಡೆಗೆ ಉಜ್ಜಿಕೊಳ್ಳುತ್ತಿದ್ದ. ಹಮಾಲರ ನಡುವೆ ಅವನ ಹೆಸರು ಸೋಡಾ. ಕೆಲಸ ಮುಗಿದ ಮೇಲೆ ಎಲ್ಲರೂ ಹೆಂಡದಂಗಡಿಗೆ ನುಗ್ಗಿದರೆ ಇವನು ಒಂದು ಸೋಡಾ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ. ಒಂದು ಗುಟುಕು ಕುಡಿದರೂ ಹೊಟ್ಟೆ ಸುಟ್ಟು ಎರಡು ದಿನ ಮಲಗುವವ.

“ಒಲೆ ಅಂದ್ರೆ ಒಲೆ ಅನ್ನೇ ತಂಗಿ, ಏನಾಯ್ತೀಗ?” ಎಂದ ಪರದೆಯ ಆಚೆಯಿಂದ. “ಒಲೆಗೇನು ಮಾನ ಹೋಗುತ್ತಾ? ಅದೇನು ನಾಳೆ ಬಂದು ನಿನ್ನ ಜೊತೆ ಜಗಳ ಆಡುತ್ತಾ?”

“ಸುಳ್ಳು ಹೇಳು ಅಂತೀಯಾ ಅಣ್ಣ?”

“ನಾನು ನಿನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಓಡಿದಾಗ ನೀನು ನನ್ನ ಕಿವೀಲಿ ಏನು ಕಿರುಚ್ತಾ ಇದ್ದೆ ಗೊತ್ತಾ? ‘ಅಣ್ಣಾ, ಬೆರಳು ಇದೆಯಾ ನೋಡು, ಬೆರಳು ಇದೆಯಾ ನೋಡು’ ಅಂತ. ನನಗೆ ಸುಳ್ಳೂ ಗೊತ್ತಿಲ್ಲ, ನಿಜಾನೂ ಗೊತ್ತಿಲ್ಲ. ನಿನಗೆ ಬೆರಳು ಬರ್ಲಿ.”

ನಾನೂ ದನಿ ಸೇರಿಸಿದೆ. “ಒಂದು ಸುಳ್ಳಿಗೆ ಐದು ಬೆರಳು. ಯಾವ ಅಂಗಡೀಲಿ ಸಿಗುತ್ತೆ ಹೇಳು ಇಂಥ ವ್ಯಾಪಾರ?”

“ಎರಡು ಕೊಂಡ್ರೆ ಒಂದು ಉಚಿತ,” ಎಂದಳು ಅವಳು. ನಾನು ಸಿಕ್ಕು ಬಿಡಿಸಲು ಬಾಚಣಿಗೆ ಎಳೆದೆ. “ಹೇಳ್ತೀನಿ ಬಿಡು ಅತ್ತಿಗೆ. ಒಲೆ ಅಂತ ಹೇಳ್ತೀನಿ. ನೀನು ಕೂದಲು ಕೀಳ್ಬೇಡ,” ಎಂದಳು.

ನಾನು ನಿಧಾನವಾಗಿ ಬಾಚಿದೆ. ಅವಳು ಬ್ಯಾಂಡೇಜಿನ ಒಳಗೆ ಬೆರಳು ಅಲುಗಿಸಲು ನೋಡುತ್ತಿದ್ದಳು. ಕಂತೆಯೆಲ್ಲ ಒಟ್ಟಿಗೆ ಅಲುಗುತ್ತಿತ್ತು.

*

ಭಾನುವಾರ ಚರ್ಚು ತುಂಬಿತ್ತು. ಜನ ಬಾಗಿಲ ಬಳಿಯ ಅಂಗಡಿಗೆ ಹೋಗಿ ಕೈ ಕೊಂಡು, ಮಿಂಚು ಕಾಗದ ಪರಪರ ಎನ್ನಿಸುತ್ತಾ ಬೆಂಚುಗಳಿಗೆ ಬರುತ್ತಿದ್ದರು. ಪೀಠದ ಪಕ್ಕದ ಮೇಜಿಗೆ ಬಿಳಿಯ ವಸ್ತ್ರ ಹಾಸಿತ್ತು. ಅದರ ಹಿಂದಿನ ಗಿಡ್ಡ ಬಾಗಿಲಲ್ಲಿ ಪರದೆಯ ಮರೆಗೆ ನಾನೂ ಚಿಮಣಿಯೂ ಬುಟ್ಟಿ ಹಿಡಿದು ಕೂತಿದ್ದೆವು. ಪರದೆ ಸರಿಸಿದರೆ ನನಗೆ ಎಲ್ಲ ಕಾಣುತ್ತಿತ್ತು: ಮೆಟ್ಟಿಲ ಮೇಲೆ ಕಂದು ಬಟ್ಟೆಯ ನಾದಿನಿ, ಮುಂದಿನ ಬೆಂಚಿನಲ್ಲಿ ಮುತ್ತಿನ ಸರದ ಒಬ್ಬ ಹೆಂಗಸು, ಅವಳ ಪಕ್ಕದಲ್ಲಿ ಆ ದೊಡ್ಡ ಡಾಕ್ಟರು, ಎಲ್ಲಕ್ಕಿಂತ ಹಿಂದೆ ಕಂಬಕ್ಕೆ ಆತು ನಿಂತ ನನ್ನ ಗಂಡ. ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ತಂಗಿಗೆ ಕಾಣಲಿ ಎಂದು ಕತ್ತು ಚಾಚುತ್ತಿದ್ದ.

ಫಾದರ್ ಮೈಕನ್ನು ಮ್ಯಾನೇಜರ್‌ಗೆ ಕೊಟ್ಟು ಪಕ್ಕಕ್ಕೆ ಕುಳಿತರು.

“ಪ್ರಿಯರೇ, ನಮ್ಮ ಈ ಸಹೋದರಿಯನ್ನ ನೋಡಿ,” ಎಂದ ಮ್ಯಾನೇಜರ್. ಆ ದನಿ ನಾವು ಷೆಡ್ಡಿನಲ್ಲಿ ಕೇಳಿದ್ದಲ್ಲ. ಜೇನಿನಲ್ಲಿ ಅದ್ದಿ ತೆಗೆದದ್ದು. “ಬಡತನ. ಗಂಡ ಬಿಟ್ಟವಳು. ಆಸರೆ ಅಂತ ಅಣ್ಣನ ಮನೆಗೆ ಬಂದಳು. ಆ ಅಣ್ಣ ಎಂಥವನು? ಕುಡುಕ! ದುಡಿದದ್ದೆಲ್ಲ ಹೆಂಡಕ್ಕೆ. ಒಂದು ದಿನ ಕುಡಿದು ಬಂದು, ಊಟ ತಡ ಆಯ್ತು ಅಂತ, ಸ್ವಂತ ತಂಗೀನ ಉರಿಯೋ ಒಲೆಗೆ…”

ಅವನು ಅಲ್ಲಿ ನಿಂತ. ಗಂಟಲು ಕಟ್ಟಿತು. ಬೆಂಚುಗಳಲ್ಲಿ ಅಯ್ಯೋ ಎಂಬ ಸದ್ದು ಹರಿಯಿತು.

“ಇದನ್ನ ಯಾವಾಗ ಸೇರಿಸ್ದ ಈ ಹಲ್ಕಾ?” ಚಿಮಣಿ ನನ್ನ ತೋಳು ಹಿಡಿದಳು.

ನನ್ನ ಕಣ್ಣು ಕಂಬದ ಕಡೆ ಹೋಯಿತು. ನನ್ನ ಗಂಡ ಚಾಚಿದ ಕತ್ತನ್ನು ಹಿಂದಕ್ಕೆ ಎಳೆದುಕೊಂಡಿರಲಿಲ್ಲ. ಹಾಗೇ ನಿಂತಿದ್ದ. ಅವನ ಪಕ್ಕದವರು ತಲೆ ಅಲ್ಲಾಡಿಸಿ ಅವನಿಗೇ ಏನೋ ಹೇಳುತ್ತಿದ್ದರು, “ಎಂಥ ಜನ ನೋಡಿ” ಎನ್ನುವ ಹಾಗೆ. ಅವನೂ ತಲೆಯಾಡಿಸಿದ.

ಮೈಕು ನಾದಿನಿಯ ಬಾಯಿಯ ಮುಂದೆ ಬಂತು. ಅವಳು ಕಂಬದ ಕಡೆ ನೋಡಿದಳು. ಮ್ಯಾನೇಜರ್ ಅವಳ ಮೊಣಕೈ ಮುಟ್ಟಿ ಕೈ ಎತ್ತು ಎಂದು ಸನ್ನೆ ಮಾಡಿದ. ಅವಳು ಎತ್ತಲಿಲ್ಲ.

“ನಮ್ಮಣ್ಣ ಕುಡಿಯಲ್ಲ,” ಎಂದಳು.

ಮೈಕು ಆ ಮಾತನ್ನು ಕೊನೆಯ ಬೆಂಚಿನವರೆಗೆ ಒಯ್ದಿತು.

“ನೀವು ಒಲೆ ಅನ್ನು ಅಂದ್ರಿ, ಅಂತಿದ್ದೆ. ನಮ್ಮಣ್ಣನ ಹೆಸರು ಯಾಕೆ ತಂದ್ರಿ? ಅವನು ನನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಆಸ್ಪತ್ರೆಗೆ ಓಡಿದವನು. ನನ್ನ ಕೈ ಸುಟ್ಟಿದ್ದು ಮನೇಲಲ್ಲ. ಇಲ್ಲೇ, ಈ ಗೋಡೆ ಹಿಂದೆ ಷೆಡ್ಡಿದೆ. ನೀವು ಹಿಡ್ಕೊಂಡಿದೀರಲ್ಲ, ಆ ಕೈ ಮಾಡೋ ಷೆಡ್ಡು. ಅಲ್ಲಿ ಕೊಪ್ಪರಿಗೆ ಮುಚ್ಚಳದ ಕೊಂಡಿ—”

ಮೈಕು ಸತ್ತಿತು.

ಮೇಲಿನ ಅಟ್ಟದಿಂದ ಗಾಯನದವರು ಒಮ್ಮೆಲೇ ಹಾಡತೊಡಗಿದರು. ಆರ್ಗನ್ ಗೋಡೆಗಳನ್ನು ನಡುಗಿಸಿತು. ನಾದಿನಿಯ ತುಟಿಗಳು ಇನ್ನೂ ಆಡುತ್ತಿದ್ದವು; ಕತ್ತಿನ ನರ ಉಬ್ಬಿತ್ತು. ಮುಂದಿನ ಬೆಂಚಿನವರಿಗೆ ಕೇಳಿಸುತ್ತಿರಬೇಕು. ಮುತ್ತಿನ ಸರದವಳು ತನ್ನ ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ಡಾಕ್ಟರು ಮೇಲಿನ ಬಣ್ಣದ ಗಾಜು ನೋಡುತ್ತಿದ್ದರು. ಹಿಂದಿನವರು ಚಪ್ಪಾಳೆ ಹೊಡೆದರು. ಪಾಪ, ದುಃಖಕ್ಕೆ ದನಿ ನಿಂತಿತು ಎಂದುಕೊಂಡರು. ಕೆಲವರು ಕಣ್ಣು ಒರೆಸಿದರು.

“ಬನ್ನಿ ಪ್ರಿಯರೇ, ಕೈ ಸೇರಿಸೋಣ ಬನ್ನಿ!” ಮ್ಯಾನೇಜರ್ ಹಾಡಿನ ಮೇಲೆ ಕೂಗಿದ. ಸಾಲು ಎದ್ದಿತು. ಮೇಜಿನ ಮೇಲೆ ಮೊದಲ ಕೈ ಬಿತ್ತು, ಅದರ ಪಕ್ಕ ಇನ್ನೊಂದು. ಇಟ್ಟವರು ಕಣ್ಣುಮುಚ್ಚಿ ಬೇಡಿಕೊಂಡು, ಮೆಟ್ಟಿಲ ಮೇಲೆ ಕುಸಿದು ಕುಳಿತಿದ್ದ ನಾದಿನಿಯ ತಲೆ ಸವರಿ ಮುಂದೆ ಹೋಗುತ್ತಿದ್ದರು.

ಹಿಂದಿನಿಂದ ನನ್ನ ಗಂಡ ಸಾಲು ಸೀಳಿಕೊಂಡು ತಂಗಿಯ ಕಡೆ ಬರಲು ನೋಡಿದ. ಎದೆಗೆ ಬಿಲ್ಲೆ ಹಾಕಿಕೊಂಡ ಸ್ವಯಂಸೇವಕನೊಬ್ಬ ಅಡ್ಡ ನಿಂತ.

“ಕೈ ಎಲ್ಲಿ? ಕೈ ತಗೊಂಡಿದೀರಾ?”

“ಏನು ಕೈ?”

“ಕೈ ಇಲ್ದೆ ಸಾಲಿಗೆ ಬರೋ ಹಾಗಿಲ್ಲ. ಅಂಗಡಿಗೆ ಹೋಗಿ ತಗೊಂಡು ಬನ್ನಿ.”

ನನ್ನ ಗಂಡ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ.

ಅಷ್ಟರಲ್ಲಿ ಮ್ಯಾನೇಜರ್ ಪಕ್ಕದ ದಾರಿಯಿಂದ ನಮ್ಮ ಗಿಡ್ಡ ಬಾಗಿಲಿಗೆ ಬಂದು ಬಗ್ಗಿದ. ಮುಖದಲ್ಲಿ ರಕ್ತ ಇರಲಿಲ್ಲ. ಪಿಸುದನಿಯಲ್ಲೇ ಕಿರುಚಿದ. “ನಿಮ್ಮ ಹುಡುಗಿಗೆ ಡಾಕ್ಟರೂ ಇಲ್ಲ, ಗೀಕ್ಟರೂ ಇಲ್ಲ. ಆ ಕೈ ಕೊಳೆತು ಬೀಳ್ಲಿ. ನಾಳೆಯಿಂದ ನೀವ್ಯಾರೂ ಈ ಕಡೆ ತಲೆ ಹಾಕ್ಬೇಡಿ. ಈಗ ಮೊದ್ಲು ಬುಟ್ಟಿ ತುಂಬ್ಸು! ಮೇಜು ತುಂಬ್ತಾ ಇದೆ. ಅಂಗಡೀಲಿ ಒಂದೂ ಇಲ್ಲ, ಜನ ಕಾರ್ಡ್ ಹಿಡ್ಕೊಂಡು ನಿಂತಿದಾರೆ!”

ನಾನು ಬುಟ್ಟಿ ನೋಡಿದೆ. ನಾದಿನಿಯನ್ನು ನೋಡಿದೆ. ಯಾರೋ ಅವಳ ಸುಟ್ಟ ಕೈಯನ್ನು ಎತ್ತಿ ಹಣೆಗೆ ಒತ್ತಿಕೊಳ್ಳುತ್ತಿದ್ದರು. ಅವಳು ಹಲ್ಲು ಕಚ್ಚಿದ್ದಳು. ನಿನ್ನೆ ಅವನು ನಾಳೆವರೆಗೂ ಇಟ್ಟುಕೋ ಎಂದಿದ್ದ ಮುಖ. ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತೆ. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ.

“ಏನೇ ಮಾಡ್ತಾ ಇದೀಯ? ತೆಗಿಯೇ ಕೈ! ಮೇಜು ನೋಡು!”

“ನಮ್ಮ ಕೈ ಖಾಲಿ ಇಲ್ಲ ಸಾರ್.”

“ಏನಂದೆ?”

“ಕೈ ಖಾಲಿ ಇಲ್ಲ ಅಂದ್ಲು,” ಎಂದಳು ಚಿಮಣಿ. ತನ್ನ ಬುಟ್ಟಿಯನ್ನೂ ಬೋರಲು ಹಾಕಿ ನನ್ನ ಪಕ್ಕ ಕುಳಿತು ಸಿಗರೇಟಿಗೆ ಕಡ್ಡಿ ಗೀರಿದಳು. “ನೀವೇ ಎತ್ತಿ. ದೇವರು ನಿಮಗೂ ಎರಡು ಕೊಟ್ಟಿದಾನಲ್ಲ, ಹೊಚ್ಚ ಹೊಸವು.”

ಅವನು ಒಮ್ಮೆ ನಮ್ಮನ್ನು ನೋಡಿದ, ಒಮ್ಮೆ ಪರದೆಯ ಆಚೆ. ಎತ್ತಲು ಹೋದರೆ ಜನರಿಗೆ ಕಾಣುತ್ತಾನೆ. ಪರದೆಯ ಅಂಚು ಹಿಡಿದು ಅಲ್ಲೇ ನಿಂತ.

ಮೇಜಿನ ಮೇಲೆ ಕೈಗಳು ಒಂದರ ಮೇಲೊಂದು ಏರಿದ್ದವು. ಎಲ್ಲವೂ ಒಂದೇ ಕೈ, ಒಂದೇ ಉದ್ದ ಬೆರಳು, ಒಂದೇ ನುಣುಪು. ಮುತ್ತಿನ ಸರದವಳು ತನ್ನದನ್ನು ಇಡಲು ಜಾಗ ಹುಡುಕಿದಳು. ಸಿಗಲಿಲ್ಲ. ರಾಶಿಯ ನೆತ್ತಿಯ ಮೇಲೆ ಮೆಲ್ಲಗೆ ಇಟ್ಟಳು. ರಾಶಿ ಒಂದು ಕ್ಷಣ ತಡೆಯಿತು. ಆಮೇಲೆ ಬಿಳಿಯ ವಸ್ತ್ರ ಒಂದು ಮಗ್ಗುಲಿಗೆ ಜಾರತೊಡಗಿತು, ಅದರ ಜೊತೆಗೆ ಕೈಗಳೆಲ್ಲ. ಒಂದನ್ನೊಂದು ತಳ್ಳಿಕೊಂಡು ಮೆಟ್ಟಿಲಿಳಿದು ಸಾಲಿನ ಕಾಲುಗಳ ನಡುವೆ ಉರುಳಿದವು. ಬೆರಳುಗಳು ಮುರಿದವು. ಅಟ್ಟದ ಮೇಲಿನವರು ಕೆಳಗೆ ಬಗ್ಗಿ ನೋಡಿದರು. ಹಾಡು ಅರ್ಧಕ್ಕೆ ನಿಂತಿತು. ಮುತ್ತಿನ ಸರದವಳು ಹಿಂದೆ ಸರಿಯಲು ಒಂದು ಕಾಲು ಎತ್ತಿದಳು. ಸುತ್ತ ನೆಲದ ತುಂಬ ಕೈ. ಎತ್ತಿದ ಕಾಲನ್ನು ಎಲ್ಲಿ ಇಡುವುದೆಂದು ತಿಳಿಯದೆ ಹಾಗೇ ನಿಂತಳು.